ಅಮೆರಿಕದ ಸ್ವಾತಂತ್ರ್ಯ ಪಾಠ ಮಾಡುವವರಿಗೆ ಒಂದು ಸಲಹೆ

ಅಮೆರಿಕದ 13 ವಸಾಹತುಗಳು ಬ್ರಿಟನ್ನಿನಿಂದ ಯಾಕೆ ಬೇರೆಯಾದವು ಅಂತ ಕೇಳಿದರೆ ಮಕ್ಕಳು 'ತೆರಿಗೆ ಜಾಸ್ತಿ ಆಯ್ತು' ಅಂತ ಬರೆದು ಮುಗಿಸುತ್ತಾರೆ, ಅಲ್ವಾ? ಹೀಗೆ ಮಾಡಿ ನೋಡಿ. ಎಲ್ಲರಿಗೂ ಹತ್ತತ್ತು ಹುಣಸೆ ಬೀಜ ಕೊಡಿ. ನೋಟ್‌ಬುಕ್ ತೆಗೆದರೆ ಒಂದು ಬೀಜ ದಂಡ, ಹಾಳೆ ಹರಿದರೆ ಎರಡು. ನಿಯಮ ಮಾಡುವವರು ಪಕ್ಕದ ತರಗತಿಯವರು, ಇವರು ತುಟಿ ಬಿಚ್ಚುವ ಹಾಗಿಲ್ಲ. ಗಲಾಟೆ ಶುರುವಾದ ಮೇಲೆ 1765ರ ಸ್ಟಾಂಪ್ ಕಾಯ್ದೆ ಹೇಳಿ. ಪತ್ರಿಕೆ, ಕರಾರುಪತ್ರ, ಇಸ್ಪೀಟಿಗೂ ತೆರಿಗೆ! ಲಂಡನ್ನಿನ ಸಂಸತ್ತಿನಲ್ಲಿ ವಸಾಹತಿನವರ ಪ್ರತಿನಿಧಿ ಒಬ್ಬರೂ ಇರಲಿಲ್ಲ.

ಆಮೇಲೆ ನಿಜವಾದ ಪ್ರಶ್ನೆ. 1773ರ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ (ಹೌದು, ನಮ್ಮನ್ನು ಆಳಿದ ಅದೇ ಕಂಪನಿ) ಚಹಾ ಅಗ್ಗವೇ ಆಯ್ತು. ಆದರೂ ಬಾಸ್ಟನ್ನಿನವರು ಅದನ್ನು ಬಂದರಿನ ನೀರಿಗೆ ಸುರಿದರು. ಯಾಕೆ? ಉತ್ತರ ನೀವೇ ಹೇಳಿಬಿಡಬೇಡಿ, ಅರ್ಧ ಪಿರಿಯಡ್ ಇದಕ್ಕೇ ಬಿಡಿ.