ಕತೆಯ ಮೊದಲ ಸಾಲು ಬರೆಯುವಾಗ ಬಾಲದ ಕಡೆ ನೋಡಿ

"ಹೊರಗೆ ಮಳೆ ಜೋರಾಗಿ ಸುರಿಯುತ್ತಿತ್ತು." ನಾನು ಬರೆದ ಮೊದಲ ಹತ್ತು ಕತೆಗಳಲ್ಲಿ ಆರಾದರೂ ಹೀಗೇ ಶುರುವಾಗಿದ್ದವು. ಉಳಿದವುಗಳಲ್ಲಿ ನಾಯಕ ಬಸ್ಸಿನ ಕಿಟಕಿ ಪಕ್ಕ ಕೂತು ಹಳೆಯದನ್ನೆಲ್ಲ ನೆನೆಯುತ್ತಿದ್ದ. ಮಳೆಯದೂ ತಪ್ಪಿಲ್ಲ, ಬಸ್ಸಿನದೂ ತಪ್ಪಿಲ್ಲ ಬಿಡಿ. ಕತೆ ಇನ್ನೂ ಹೊರಟೇ ಇರಲಿಲ್ಲ, ಅಷ್ಟೇ.

ಹಾಗಾಗಿ ಮೊದಲ ಸಾಲಿಗೆ ಅಂತ ದಿನಗಟ್ಟಲೆ ಕಾಯಬೇಡಿ. ಮಳೆ ಸುರಿಸಿಯೇ ಕತೆ ಪೂರ್ತಿ ಬರೆದು ಮುಗಿಸಿ. ಆಮೇಲೆ ಮೊದಲ ಎರಡು ಪ್ಯಾರಾಗಳನ್ನು ಕೈಯಿಂದ ಮುಚ್ಚಿಕೊಂಡು ಮೂರನೆಯದರಿಂದ ಓದಿ ನೋಡಿ. ಎಷ್ಟೋ ಸಲ ಕತೆ ಅಲ್ಲೇ ಶುರುವಾಗಿರುತ್ತದೆ. ಮುಚ್ಚಿದ ಭಾಗದಲ್ಲಿ ಊರಿನ ಹೆಸರೋ ಅಪ್ಪನ ಕೆಲಸವೋ ಸಿಕ್ಕಿಕೊಂಡಿದ್ದರೆ ಮುಂದೆಲ್ಲೋ ಸೇರಿಸಿದರಾಯಿತು.

ಈಗ ಆ ಸಾಲನ್ನು ತಿದ್ದುವ ಕೆಲಸ. ಇದನ್ನು ಓದಿ: "ಒಬ್ಬ ಹೆಂಗಸು ಅಪ್ಪನ ಇನ್ನೊಂದು ಕನ್ನಡಕ ತೆಗೆದುಕೊಂಡು, ಅಪ್ಪ ತೀರಿಕೊಂಡ ಮೂರನೇ ದಿನ ನಮ್ಮ ಮನೆಗೆ ಬಂದಳು." ವಿಷಯ ಚೆನ್ನಾಗಿದೆ, ಆದರೆ ವಾಕ್ಯದ ಜೋರೆಲ್ಲ "ಬಂದಳು" ಅನ್ನುವ ಸಪ್ಪೆ ಮಾತಿನ ಮೇಲೆ ಬಿದ್ದುಹೋಯಿತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬಂದು ಕೂರುತ್ತದೆ, ಓದುವವರ ಕಿವಿಯಲ್ಲಿ ಉಳಿಯುವುದೂ ಆ ಕೊನೆಯ ಪದವೇ. ಸ್ವಲ್ಪ ತಿರುಗಿಸಿ: "ಅಪ್ಪ ತೀರಿಕೊಂಡ ಮೂರನೇ ದಿನ ಬಾಗಿಲಿಗೆ ಬಂದ ಹೆಂಗಸಿನ ಕೈಯಲ್ಲಿದ್ದದ್ದು ಅಪ್ಪನ ಇನ್ನೊಂದು ಕನ್ನಡಕ." ಪದಗಳು ಹೆಚ್ಚುಕಡಿಮೆ ಅವೇ. ಆದರೆ ಈಗ ಕನ್ನಡಕ ಕೊನೆಗೆ ಬಂತು, ಅದು ಅಲ್ಲಿಯವರೆಗೆ ಯಾರ ಮನೆಯಲ್ಲಿತ್ತು ಅನ್ನುವ ಅನುಮಾನವೂ ಜೊತೆಗೇ ಬಂತು.

ಇನ್ನೊಂದು ಉಪಾಯ, ನನಗೆ ತುಂಬಾ ಇಷ್ಟವಾದದ್ದು: "ಅಂತೆ". "ಸಾವಿತ್ರಮ್ಮ ಮನೆ ಮಾರಿದರು" ಅಂದರೆ ಬರೀ ಸುದ್ದಿ. "ಸಾವಿತ್ರಮ್ಮ ಮನೆ ಮಾರಿದರಂತೆ" ಅಂದ ಕೂಡಲೇ ಯಾರೋ ಜಗಲಿ ಮೇಲೆ ಕೂತು ಮಾತಾಡುತ್ತಿದ್ದಾರೆ, ಅವರು ಹೇಳಿದ್ದು ನಿಜವೋ ಸುಳ್ಳೋ ಗೊತ್ತಿಲ್ಲ. ಒಂದು ಬೀದಿಯೇ ಎದ್ದು ನಿಲ್ಲುತ್ತದೆ, ಅಲ್ವಾ? ಆದರೆ ಹಾಗೆ ಶುರು ಮಾಡಿ, ಹತ್ತು ಸಾಲು ಆದ ಮೇಲೆ ಸಾವಿತ್ರಮ್ಮನ ಮನಸ್ಸಿನೊಳಗಿನದ್ದನ್ನೆಲ್ಲ ಕಣ್ಣಾರೆ ಕಂಡವರ ಹಾಗೆ ಹೇಳಿದರೆ ಓದುಗರು ಹಿಡಿದುಬಿಡುತ್ತಾರೆ.

ಮೊದಲ ಸಾಲಲ್ಲೇ ಬಾಂಬ್ ಸಿಡಿಯಬೇಕು ಅಂತೇನಿಲ್ಲ. ಜರ್ಮನ್ ಭಾಷೆಯ ಕತೆಗಾರ ಕಾಫ್ಕಾ 1915ರಲ್ಲಿ ಅಚ್ಚಾದ ಕತೆಯ ಮೊದಲ ವಾಕ್ಯದಲ್ಲೇ ಮನುಷ್ಯನನ್ನು ಹುಳು ಮಾಡಿಬಿಟ್ಟ, ನಿಜ. ಆದರೆ ನಮ್ಮ ಮಾಸ್ತಿಯವರು "ರಂಗನ ಮದುವೆ" ಅನ್ನುವ ಕತೆ ಹೇಳಹೊರಟಾಗ ಏನೂ ಆಗುವುದೇ ಇಲ್ಲ. ಇದಕ್ಕೆ ರಂಗನಾಥ ವಿವಾಹ ಅಂತಲೋ ರಂಗನಾಥ ವಿಜಯ ಅಂತಲೋ ಯಾಕೆ ಹೆಸರಿಡಲಿಲ್ಲ ಅನ್ನುವ ಹರಟೆಯಿಂದಲೇ ಶುರು. ಆ ದನಿಗೇ ನಾವು ಕೂತುಬಿಡುತ್ತೇವೆ. ಸುಮ್ನೆ ಗಮನ ಸೆಳೆಯಲು ಹೆಣ ಬೀಳಿಸಿ, ಎರಡನೇ ಪ್ಯಾರಾದಿಂದ ಹಲಸಿನ ಮರದ ವರ್ಣನೆಗೆ ಇಳಿದರೆ ಓದುವವರಿಗೆ ಮೋಸ ಹೋದ ಹಾಗಾಗುತ್ತದೆ. ಹಾಗೇ, ಒಂದೇ ಸಾಲಲ್ಲಿ ಮೂರು ಮೂರು ಹೆಸರು ತುರುಕಬೇಡಿ, ಯಾರು ಯಾರ ಭಾವ ಅನ್ನುವುದರಲ್ಲೇ ತಲೆ ಕೆಡುತ್ತದೆ.

ಕೊನೆಗೆ ಆ ಸಾಲೊಂದನ್ನೇ ಯಾರಿಗಾದರೂ ಓದಿ ಹೇಳಿ, ಸುಮ್ಮನಾಗಿ. ನಾನು ಕನ್ನಡಕದ ಸಾಲನ್ನು ಫೋನಿನಲ್ಲಿ ಅಕ್ಕನಿಗೆ ಓದಿದೆ. "ಚೆನ್ನಾಗಿದೆ ಕಣೋ" ಅಂದಿದ್ದರೆ ಆ ಸಾಲನ್ನು ಹೊಡೆದುಹಾಕುತ್ತಿದ್ದೆ. "ಯಾರೋ ಅವಳು?" ಅಂದಳು. ಉಳಿಸಿಕೊಂಡೆ.