ಕಾಗದದ ಪಟ್ಟಿಯಲ್ಲಿ ಡಿಎನ್‌ಎ ನಕಲು: ತುದಿ ಯಾಕೆ ಸವೆಯುತ್ತದೆ, ಹೇಗೆ ಉಳಿಯುತ್ತದೆ

ಡಿಎನ್‌ಎ ನಕಲಾಗುವಾಗ ಟೆಲೊಮರೇಸ್ ಅನ್ನೋ ಕಿಣ್ವ ಏನು ಮಾಡುತ್ತದೆ ಅಂತ ಮಕ್ಕಳನ್ನು ಕೇಳಿದರೆ, "ತುದಿಯಲ್ಲಿ ಉಳಿದ ಖಾಲಿ ಜಾಗ ತುಂಬುತ್ತದೆ" ಅಂತಾರೆ. ಓದುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸರಿಯಲ್ಲ. ಎಲ್ಲಿ ತಪ್ಪು ಅನ್ನೋದು ಪುಸ್ತಕದ ಚಿತ್ರ ನೋಡಿದಾಗ ಹೊಳೆಯಲಿಲ್ಲ, ಪಟ್ಟಿ ಕತ್ತರಿಸಿ ಕೈಯಾರೆ ಮಾಡಿದಾಗ ಹೊಳೆಯಿತು. ಅದಕ್ಕೇ ಈಗ ಪಾಠ ಇಲ್ಲಿಂದಲೇ ಶುರುಮಾಡುತ್ತೇನೆ.

ಉದ್ದನೆಯ ನಾಲ್ಕು ಕಾಗದದ ಪಟ್ಟಿ, ಪೆನ್ನು, ಪೆನ್ಸಿಲ್, ರಬ್ಬರ್ ತಗೊಳ್ಳಿ. ಪ್ರತಿ ಪಟ್ಟಿಯಲ್ಲಿ 30 ಮನೆ ಗೀಚಿ, ಎಡದಿಂದ ಸಂಖ್ಯೆ ಹಾಕಿ. ಒಂದು ಪಟ್ಟಿಯ ಮೊದಲ 12 ಮನೆಗೆ ಎ, ಟಿ, ಜಿ, ಸಿ ಅಕ್ಷರಗಳನ್ನು ಸುಮ್ನೆ ಹೇಗೆ ಬೇಕೋ ಹಾಗೆ ತುಂಬಿ. ಉಳಿದ 18ರಲ್ಲಿ ಟಿ-ಟಿ-ಎ-ಜಿ-ಜಿ-ಜಿ ಅಂತ ಮೂರು ಸಲ ಬರೆಯಿರಿ. ಮನುಷ್ಯರ ಕ್ರೋಮೊಸೋಮಿನ ತುದಿಯಲ್ಲಿ ಸಾವಿರಾರು ಅಕ್ಷರದುದ್ದಕ್ಕೂ ಇರುವುದು ಇದೇ ಸಾಲು. ಅದೇ ಟೆಲೊಮಿಯರ್. ಕೆಳಗಿನ ಪಟ್ಟಿಯಲ್ಲಿ ಎದುರಿನ ಜೋಡಿ ಬರಲಿ: ಎಗೆ ಟಿ, ಜಿಗೆ ಸಿ. ಮೇಲಿನದರ ಎಡತುದಿಗೆ 5, ಬಲತುದಿಗೆ 3 ಅಂತ ಗುರುತು ಹಾಕಿ. ಕೆಳಗಿನದಕ್ಕೆ ತಿರುಗಾಮುರುಗಾ. ಈ ಗುರುತು ಹಾಕದೆ ಮುಂದೆ ಹೋಗಬೇಡಿ, ಮುಂದಿನದೆಲ್ಲ ನಿಂತಿರೋದು ಈ ದಿಕ್ಕಿನ ಮೇಲೆ.

ಬರೆಯುವ ಕಿಣ್ವ ಪಾಲಿಮರೇಸ್. ಅದಕ್ಕೆ ಎರಡು ಕಟ್ಟುಪಾಡು. ಹೊಸ ಅಕ್ಷರವನ್ನು 3ರ ತುದಿಗೆ ಮಾತ್ರ ಸೇರಿಸಬಲ್ಲದು. ಏನೂ ಇಲ್ಲದ ಕಡೆ ಶುರುಮಾಡಲಾರದು. ಹಾಗಾಗಿ ಪ್ರೈಮೇಸ್ ಅನ್ನೋ ಇನ್ನೊಂದು ಕಿಣ್ವ ಮೊದಲು ಆರ್‌ಎನ್‌ಎಯ ಚಿಕ್ಕ ತುಣುಕೊಂದನ್ನು ಕೂರಿಸಿಕೊಡುತ್ತದೆ. ಅದೇ ಪ್ರೈಮರ್. ನಾವು ಅದನ್ನು ಪೆನ್ಸಿಲ್ಲಿನಲ್ಲಿ ಬರೆಯೋಣ, ಡಿಎನ್‌ಎಯನ್ನು ಪೆನ್ನಿನಲ್ಲಿ.

ಈಗ ಎರಡು ಎಳೆಗಳನ್ನು, ಅಂದರೆ ಬರೆದ ಎರಡು ಪಟ್ಟಿಗಳನ್ನು, ಎಡಗಡೆಯಿಂದ ಬಿಡಿಸುತ್ತಾ ಬನ್ನಿ. ಉಳಿದ ಎರಡು ಪಟ್ಟಿ ನಕಲು ಬರೆಯಲು. ಜೀವಕೋಶದಲ್ಲಿ ಬಿಡಿಸುವುದು ಹೆಲಿಕೇಸ್ ಅನ್ನೋ ಕಿಣ್ವದ ಕೆಲಸ. ಕೆಳಗಿನ ಎಳೆಯ ನಕಲು ಸಲೀಸು: ಎಡದಿಂದ ಬಲಕ್ಕೆ, ಕೊನೆಯ ಮನೆಯವರೆಗೂ ಪೆನ್ನು ಎತ್ತದೆ ಬರೆಯಬಹುದು. ಮೇಲಿನದರ ನಕಲು ಬಲದಿಂದ ಎಡಕ್ಕೇ ಬೆಳೆಯಬೇಕು, ಆದರೆ ಎಳೆ ಬಿಚ್ಚುತ್ತಿರುವುದು ಬಲಕ್ಕೆ. ಹತ್ತು ಮನೆ ಬಿಚ್ಚಿದ ಮೇಲೆ 10, 9, 8ನೇ ಮನೆಗೆ ಪೆನ್ಸಿಲ್, 7ರಿಂದ 1ರವರೆಗೆ ಪೆನ್ನು. ಮತ್ತೆ ಹತ್ತು ಬಿಚ್ಚಿ, 20ರಿಂದ ಹಿಂದಕ್ಕೆ ಅದೇ ಕೆಲಸ. ಆಮೇಲೆ 30ರಿಂದ. 1960ರ ದಶಕದಲ್ಲಿ ರೀಜಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿ ಕಂಡುಹಿಡಿದ ತುಣುಕುಗಳು ಇವೇ. ನಮ್ಮ ಜೀವಕೋಶಗಳಲ್ಲಿ ಒಂದೊಂದೂ ಸುಮಾರು 100ರಿಂದ 200 ಅಕ್ಷರ.

ಇನ್ನು ರಬ್ಬರ್ ಹಿಡಿದು ಪೆನ್ಸಿಲ್ ಬರಹವನ್ನೆಲ್ಲ ಅಳಿಸಿ. 8ರಿಂದ 10ರ ಖಾಲಿ ಜಾಗವನ್ನು ಬಲಗಡೆಯ ತುಣುಕು ಎಡಕ್ಕೆ ಬೆಳೆದು ತುಂಬುತ್ತದೆ. 18ರಿಂದ 20ಕ್ಕೂ ಹಾಗೇ. ಸಂದನ್ನು ಲೈಗೇಸ್ ಬೆಸೆಯುತ್ತದೆ. ಈಗ 28, 29, 30 ನೋಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅದರ ಬಲಕ್ಕೆ ಯಾರಿದ್ದಾರೆ? ಯಾರೂ ಇಲ್ಲ. ಆ ಜಾಗ ಖಾಲಿಯೇ ಉಳಿಯುತ್ತದೆ, ಮುಂದಿನ ನಕಲು ಅಷ್ಟು ಗಿಡ್ಡ. ಇದನ್ನು 1970ರ ದಶಕದ ಆರಂಭದಲ್ಲಿ ಓಲೊವ್ನಿಕೊವ್ ಮತ್ತು ವಾಟ್ಸನ್ ಬೇರೆಬೇರೆಯಾಗಿ ಗುರುತಿಸಿದರು. ಮನುಷ್ಯರ ಜೀವಕೋಶದಲ್ಲಿ ಒಂದು ವಿಭಜನೆಗೆ ಸುಮಾರು 50ರಿಂದ 200 ಅಕ್ಷರ ಹೋಗುತ್ತದೆ. ಜೋಡಿ ಇಲ್ಲದೆ ಚಾಚಿಕೊಂಡಿರುವುದು ಮೇಲಿನ ಹಳೆಯ ಎಳೆಯ ಜಿ-ಜಿ-ಜಿ.

ಈಗ ಟೆಲೊಮರೇಸ್. ಇದು ತನ್ನದೇ ಆರ್‌ಎನ್‌ಎ ಅಚ್ಚನ್ನು ಹೊತ್ತುಕೊಂಡು ಬರುವ ಕಿಣ್ವ. ಒಂದು ಚೀಟಿಯಲ್ಲಿ ಸಿ-ಸಿ-ಸಿ-ಎ-ಎ-ಯು-ಸಿ-ಸಿ-ಸಿ ಅಂತ ಬರೆಯಿರಿ. ಆರ್‌ಎನ್‌ಎಯಲ್ಲಿ ಟಿ ಬದಲು ಯು ಇರುತ್ತದೆ, ಅಲ್ವಾ? ಮನುಷ್ಯರ ನಿಜವಾದ ಅಚ್ಚು 11 ಅಕ್ಷರದ್ದು, ನಮ್ಮ ಪಟ್ಟಿಗೆ ಇಷ್ಟು ಸಾಕು. ಚೀಟಿಯ ಮೊದಲ ಮೂರು ಸಿಗಳನ್ನು ಚಾಚಿಕೊಂಡ ಜಿ-ಜಿ-ಜಿಯ ಕೆಳಗೆ ಕೂರಿಸಿ. ಉಳಿದ ಆರು ಅಕ್ಷರ ಹೊರಗೆ ಉಳಿಯುತ್ತವೆ. ಮೇಲಿನ ಪಟ್ಟಿಗೆ ಕಾಗದ ಅಂಟಿಸಿ, ಅವನ್ನು ನೋಡಿಕೊಂಡು ಟಿ-ಟಿ-ಎ-ಜಿ-ಜಿ-ಜಿ ಬರೆಯಿರಿ. ಚೀಟಿಯನ್ನು ಆರು ಮನೆ ಸರಿಸಿ, ಇನ್ನೊಂದು ಸಲ. ಈಗ ಮೇಲಿನ ಎಳೆ 42 ಮನೆ. 42, 41, 40ಕ್ಕೆ ಪೆನ್ಸಿಲ್ ಪ್ರೈಮರ್ ಹಾಕಿ, 39ರಿಂದ ಪೆನ್ನಿನಲ್ಲಿ ಹಿಂದಕ್ಕೆ ಬನ್ನಿ. 28ರ ಖಾಲಿ ಜಾಗವೂ ತುಂಬಿತು!

ತುಂಬಿದ್ದು ಯಾರು? ಪಾಲಿಮರೇಸ್. ಟೆಲೊಮರೇಸ್ ಮಾಡಿದ್ದು ಎದುರಿನ ಹಳೆಯ ಎಳೆಯನ್ನು ಉದ್ದ ಮಾಡುವ ಕೆಲಸ ಅಷ್ಟೇ. ಈ ಕಿಣ್ವದ ಕೆಲಸವನ್ನು ಕ್ಯಾರಲ್ ಗ್ರೈಡರ್ ಮೊದಲು ಕಂಡದ್ದು 1984ರ ಕ್ರಿಸ್‌ಮಸ್ ದಿನ, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಲ್ಯಾಬಿನಲ್ಲಿ, ಟೆಟ್ರಹೈಮಿನಾ ಅನ್ನೋ ಏಕಕೋಶ ಜೀವಿಯಲ್ಲಿ. ನಮ್ಮ ದೇಹದ ಹೆಚ್ಚಿನ ಜೀವಕೋಶಗಳಲ್ಲಿ ಇದು ಬಹುತೇಕ ಸುಮ್ಮನಿರುತ್ತದೆ, ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಎಚ್ಚರವಾಗಿರುತ್ತದೆ.

ಕೊನೆಯ ಪೆನ್ಸಿಲ್ಲನ್ನೂ ಅಳಿಸಿದರೆ ಮತ್ತೆ ಒಂದು ಚಾಚಿದ ತುದಿ ಉಳಿಯುತ್ತದೆ. ಅದನ್ನು ಹಿಂದಕ್ಕೆ ಮಡಚಿ, ಎರಡು ಪಟ್ಟಿಗಳ ನಡುವೆ ತೂರಿಸಿ. ಜೀವಕೋಶವೂ ಹೀಗೇ ಕುಣಿಕೆ ಹಾಕುತ್ತದೆ. ಶೆಲ್ಟೆರಿನ್ ಅನ್ನೋ ಆರು ಪ್ರೋಟೀನ್‌ಗಳ ಗುಂಪು ಅದನ್ನು ಕಾಯುತ್ತದೆ. ಬಯಲಲ್ಲಿದ್ದರೆ ರಿಪೇರಿ ಕಿಣ್ವಗಳು ಅದನ್ನು ಮುರಿದ ಡಿಎನ್‌ಎ ಅಂದುಕೊಂಡು ಇನ್ನೊಂದು ಕ್ರೋಮೊಸೋಮಿಗೆ ಬೆಸೆದುಬಿಡಬಹುದು.

ಪಟ್ಟಿ ಉಳಿದಿದ್ದರೆ ಇನ್ನೊಂದು ಮಾಡಿ ನೋಡಿ. ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಇರುವಂತೆ ಎರಡೂ ತುದಿ ಅಂಟಿಸಿ ಬಳೆ ಮಾಡಿ, ಅದೇ ರೀತಿ ನಕಲು ತೆಗೆಯಿರಿ. ಪೆನ್ಸಿಲ್ ಅಳಿಸಿದ ಪ್ರತಿ ಜಾಗದ ಪಕ್ಕದಲ್ಲೂ ಬೆಳೆದು ಬರಲು ಒಂದು ತುಣುಕು ಇದ್ದೇ ಇರುತ್ತದೆ.