ಬೆವರು ಕಾಣದ ಬಿಸಿಲು

ಮಂಗಳೂರಿನಲ್ಲಿ ನಾಲ್ಕು ವರ್ಷ ಇದ್ದು, 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಮನೆಗೆ ವಾಪಸ್ ಬಂದೆ. ಅಲ್ಲಿ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ಇಲ್ಲಿ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತರೂ ಅಂಗಿ ಒದ್ದೆಯಾಗಲಿಲ್ಲ. ಇದಪ್ಪಾ ನಮ್ಮೂರು ಅಂದುಕೊಂಡೆ.

ವಾರದೊಳಗೆ ತುಟಿ ಒಡೆಯಿತು. ಬೆಳಿಗ್ಗೆ ಮೂಗು ಸೀಟಿದರೆ ರಕ್ತದ ಎಳೆ. ಮಧ್ಯಾಹ್ನ ತಲೆನೋವು, ಜೊತೆಗೆ ಉರಿಮೂತ್ರ.

"ನೀರು ಕುಡೀತಿದ್ದೀಯೋ ಇಲ್ವೋ?" ಅಂದರು ಅಮ್ಮ.

"ಬೆವರೇ ಬರ್ತಿಲ್ಲ, ಬಾಯಾರಿಕೆನೂ ಇಲ್ಲ. ಯಾಕಮ್ಮ ಕುಡೀಲಿ?"

ಬೆವರು ಬರುತ್ತಲೇ ಇತ್ತು. ಒಣ ಗಾಳಿ ಅದನ್ನು ಮೈಮೇಲೆ ನಿಲ್ಲಲು ಬಿಡುತ್ತಿರಲಿಲ್ಲ, ಅಷ್ಟೇ. ಅವತ್ತಿನಿಂದ ಬಾಯಾರಿಕೆಯನ್ನು ನಂಬುವುದು ಬಿಟ್ಟು ಮೂತ್ರದ ಬಣ್ಣ ನೋಡತೊಡಗಿದೆ. ಹಳದಿ ಜಾಸ್ತಿಯಾದರೆ ತಕ್ಷಣ ಎರಡು ಲೋಟ ನೀರು. ಆಫೀಸಿನ ಚೀಲದಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ. ಮಲಗುವಾಗ ಮೂಗಿನ ಹೊಳ್ಳೆಯ ಅಂಚಿಗೆ ಒಂಚೂರು ತುಪ್ಪ. ಇದು ಅಮ್ಮನ ಮದ್ದು.

ನಮ್ಮದು ಮೇಲಿನ ಮಹಡಿ. ತಾರಸಿ ಕಾದು ರಾತ್ರಿ ಹನ್ನೊಂದಕ್ಕೂ ಗೋಡೆ ಬೆಚ್ಚಗೇ ಇರುತ್ತಿತ್ತು. ಏರ್ ಕೂಲರ್ ತಂದೆ. ಮಂಗಳೂರಿನಲ್ಲಿ ಇದು ದಂಡ. ಕೂಲರಿನ ಒದ್ದೆ ಪ್ಯಾಡಿನ ನೀರು ಆರಿದರೆ ತಾನೇ ತಂಪು? ಗಾಳಿಯಲ್ಲೇ ಅಷ್ಟು ತೇವ ಇರುವಾಗ ಅದು ಆರುವುದೆಲ್ಲಿಂದ? ಇಲ್ಲಿ ಕೆಲಸ ಮಾಡಬೇಕಿತ್ತು. ಆದರೆ ಏಸಿಯ ಅಭ್ಯಾಸ ನೋಡಿ, ಕಿಟಕಿ ಬಾಗಿಲು ಎಲ್ಲಾ ಮುಚ್ಚಿಬಿಟ್ಟೆ. ಒಂದು ಗಂಟೆಯಲ್ಲಿ ಕೋಣೆಯೇ ಮಂಗಳೂರು! ಆಮೇಲೆ ಕೂಲರನ್ನು ಕಿಟಕಿಗೆ ಬೆನ್ನು ಕೊಟ್ಟು ಇಟ್ಟು, ಎದುರಿನ ಕಿಟಕಿ ತೆರೆದೆ. ಹೊರಗಿನ ಒಣ ಗಾಳಿ ಒಳಗೆ ಬಂತು, ತೇವದ ಗಾಳಿ ಆಚೆ ಹೋಯಿತು. ತಂಪಾಯಿತು.

ನೀರಿನದು ಬೇರೆ ಕಥೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದ ಬೇಸಿಗೆ ಅದು. ಟ್ಯಾಂಕರ್ ನೀರನ್ನು ಕೂಲರ್‌ಗೆ ಸುರಿಯಲು ಮನಸ್ಸಾಗದೆ, ಆರ್‌ಒ ಫಿಲ್ಟರಿನಿಂದ ಆಚೆ ಹೋಗುವ ನೀರು ಹಿಡಿದು ಹಾಕಿದೆ. ಜಾಣತನ ಅಂದುಕೊಂಡಿದ್ದೆ. ಎರಡೇ ವಾರಕ್ಕೆ ಪ್ಯಾಡಿನ ಮೇಲೆ ಸುಣ್ಣದಂಥ ಬಿಳಿ ಪೊರೆ, ಗಾಳಿಯೇ ಬರಲಿಲ್ಲ. ಆ ನೀರಲ್ಲಿ ಲವಣ ಜಾಸ್ತಿ ಅಲ್ವಾ! ಅಲ್ಲಿಂದ ಅದು ನೆಲ ಒರೆಸಲು ಹೋಯಿತು. ಕೂಲರ್‌ಗೆ ಒಳ್ಳೆಯ ನೀರನ್ನೇ ಹಾಕಿ, ರಾತ್ರಿ ಮಾತ್ರ ಓಡಿಸಿದೆ.

ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ. ತಲೆನೋವಿಲ್ಲದೆ ದಾಟಿದೆ.

ಮೇ ಮೊದಲ ವಾರ ಮಳೆ ಬಂತು. ಅವತ್ತೂ ರೂಢಿಯಂತೆ ಕೂಲರ್ ಹಾಕಿದರೆ ಹಾಸಿಗೆಯೆಲ್ಲ ಅಂಟಂಟು. ಆರಿಸಿ, ಬರೀ ಕಿಟಕಿ ತೆರೆದು ಮಲಗಿದೆ.